ಕಲ್ಲಿನಲ್ಲಿ ಕೆತ್ತಿಟ್ಟ ಬೈಗುಳ



ಸಂಜೆ ಹೊತ್ತು ಚೆಂಬೂರು ಸ್ಟೇಷನ್ನಿನ ಹೊರಗೆ ಐದು ನಿಮಿಷ ನಿಂತರೆ ನಾಲ್ಕು ಭಾಷೆಯ ಬೈಗುಳ ಕಿವಿಗೆ ಬೀಳುತ್ತದೆ. ಗೆಳೆಯ ಗೆಳೆಯನನ್ನು ಬೈದರೆ ಬೆನ್ನಿಗೊಂದು ಗುದ್ದು, ಆಮೇಲೆ ಕಟಿಂಗ್ ಚಹಾ. ಅದೇ ಮಾತನ್ನು ಸೇಠ್‌ಗೆ ಹೇಳಿದರೆ ಕೆಲಸ ಹೋಯಿತು! ಬೈಗುಳವೇ ಬೇಕಿಲ್ಲ, ಏಕವಚನ ಸಾಕು. 'ನೀನು' ಎನ್ನುವುದು ಓರಗೆಯವರಲ್ಲಿ ಸಲುಗೆ, ಯಜಮಾನನ ಮುಂದೆ ಅವಮಾನ. ತುಳುವಿನ 'ಈ' ಮತ್ತು 'ಈರ್' ನಡುವೆಯೂ, ಮರಾಠಿಯ 'ತೂ' ಮತ್ತು 'ತುಮ್ಹಿ' ನಡುವೆಯೂ ಇದೇ ಗೆರೆ.

ಹಾಗಾದರೆ ಅಧಿಕಾರದಲ್ಲಿರುವವರನ್ನು ಬೈಯುವುದು ಹೇಗೆ? ಹಿಂದಿನವರು ಒಂದು ಉಪಾಯ ಕಂಡುಕೊಂಡಿದ್ದರು. ಮುಂದೆ ಬರಲಿರುವ ದೊರೆ, ಅಧಿಕಾರಿಗಳನ್ನು ಮೊದಲೇ ಬೈದು ಕಲ್ಲಿನಲ್ಲಿ ಬರೆದಿಟ್ಟರು.

ಚೆಂಬೂರಿನಿಂದ ಹೊರಟು ಕುರ್ಲಾದಲ್ಲಿ ಗಾಡಿ ಬದಲಿಸಿದರೆ ಪರೇಲ್. ಅಲ್ಲಿ ಶಿಲಾಹಾರ ದೊರೆ ಅಪರಾದಿತ್ಯನ ಶಾಸನ ಸಿಕ್ಕಿದೆ. ಶಕ 1108, ಅಂದರೆ ಕ್ರಿ.ಶ. 1187. ಈ ಶಿಲಾಹಾರರು ಮೊದಲು ನಮ್ಮ ರಾಷ್ಟ್ರಕೂಟರ ಸಾಮಂತರಾಗಿದ್ದವರು. ತೋಟವೊಂದರ ಆದಾಯವನ್ನು ದೇವರ ಪೂಜೆಗೆ ಬಿಟ್ಟ ದಾನದ ಮಾತೆಲ್ಲ ಸಂಸ್ಕೃತದಲ್ಲಿದೆ. ಕೊನೆಯ ಶಾಪ ಮಾತ್ರ ಮರಾಠಿಯಲ್ಲಿ! ಈ ದಾನವನ್ನು ಕೆಡಿಸಿದವನ ತಾಯಿಗೆ ಕತ್ತೆಯಿಂದ ಆಗಬಾರದ್ದು ಆಗಲಿ ಎಂದು ಅದರ ಅರ್ಥ. (ಮನೆಮಂದಿಯೆಲ್ಲ ಓದುವ ಪತ್ರಿಕೆ, ಇದಕ್ಕಿಂತ ಬಿಡಿಸಿ ಹೇಳಲಾರೆ.) ಹೊಗಳಿಕೆ ಪಂಡಿತರಿಗೆ ತಿಳಿದರೆ ಸಾಕು, ಬೈಗುಳ ಮಾತ್ರ ಎಲ್ಲರಿಗೂ ತಿಳಿಯಬೇಕಿತ್ತು ಅಂತ ಕಾಣುತ್ತದೆ.

ಓದು ಬಾರದವರಿಗಾಗಿ ಚಿತ್ರವೂ ಇತ್ತು. ಮೇಲೆ ಸೂರ್ಯ ಚಂದ್ರ, ಕೆಳಗೆ ಕತ್ತೆ ಮತ್ತು ಒಬ್ಬ ಹೆಂಗಸು. 'ಗಧೇಗಳ್' ಎಂದು ಕರೆಯುವ ಇಂಥ ಕಲ್ಲುಗಳು ಮುಂಬಯಿ, ಠಾಣೆ, ಕೊಂಕಣದಲ್ಲೆಲ್ಲ ಸಿಕ್ಕಿವೆ. ಸೂರ್ಯ ಚಂದ್ರರಿರುವ ತನಕ ದಾನ ಉಳಿಯಲಿ ಎಂಬುದು ಆಸೆ. ಆದರೆ ದೊರೆ ಬದಲಾದರೆ ಕೊಟ್ಟ ಭೂಮಿ ಕೈಬಿಡಬಹುದು. ಕತ್ತಿ ಹಿಡಿದವನ ಎದುರು ದಾನ ಪಡೆದವನ ಹತ್ತಿರ ಇದ್ದದ್ದು ಈ ಬೈಗುಳವೊಂದೇ. ಆದರೂ ತಪ್ಪು ಮಾಡುವವನು ಮಗ, ಮಾನ ಹೋಗುವುದು ತಾಯಿಯದು. ಇದು ನನಗಂತೂ ಒಪ್ಪಿಗೆಯಾಗದು. ಇವತ್ತಿನ ಬೀದಿಬೈಗುಳದಲ್ಲೂ ಎಳೆದು ತರುವುದು ತಾಯಿಯನ್ನೇ.

ಕನ್ನಡ ಶಾಸನಗಳ ದಾರಿ ಹೆಚ್ಚಾಗಿ ಬೇರೆ. ಸುಮಾರು 450ರ ಹಲ್ಮಿಡಿ ಶಾಸನದಲ್ಲೇ ದಾನ ಕದ್ದವನಿಗೆ ಮಹಾಪಾತಕ ಎಂಬ ಎಚ್ಚರಿಕೆಯಿದೆ. ಮುಂದಿನ ನೂರಾರು ಶಾಸನಗಳಲ್ಲಿ ವಾರಣಾಸಿ, ಕುರುಕ್ಷೇತ್ರದಲ್ಲಿ ಸಾವಿರ ಕವಿಲೆ ಹಸುಗಳನ್ನು ಕೊಂದ ಪಾಪ ಬರಲಿ ಎನ್ನುತ್ತಾರೆ. ಇಲ್ಲಿ ತಾಯಿಯ ಸುದ್ದಿಯಿಲ್ಲ, ಪಾಪ ಮಾಡಿದವನ ತಲೆಗೇ.