ತೆರೆಯ ಮಾಸ್ಕಿಗೆ ಲೇಪದ ಕವಚ

ಯಂತ್ರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಯಂತ್ರವು ಏನನ್ನು ಸಾಧಿಸಿತೆಂಬುದನ್ನು ಹೇಳಿ ವಿರಮಿಸುತ್ತಾರೆ. ಅದರ ಯಾವ ಭಾಗ ಮೊದಲು ಕೆಟ್ಟಿತು, ಕೆಡದಂತೆ ಏನು ಮಾಡಿದರು ಎಂಬ ಪ್ರಶ್ನೆಗೆ ಅವರ ಗ್ರಂಥಗಳಲ್ಲಿ ಸ್ಥಳ ದೊರೆಯುವುದು ವಿರಳ. ಟೆಲಿವಿಷನ್ ಮೊದಲಾದ ಚಿತ್ರತೆರೆಗಳ ತಯಾರಿಕೆಯಲ್ಲಿ ಬಳಕೆಯಾಗುವ ಮಾಸ್ಕ್ ಎಂಬ ಸಾಧನವು ಇಂತಹ ಅನಾದರಕ್ಕೆ ಗುರಿಯಾದುದು. ಅದರ ರಕ್ಷಣೆಗೆಂದು ಬಳಿದ ಲೇಪಗಳ ಚರಿತ್ರೆಯನ್ನು ಪ್ರಕೃತ ಲೇಖನದಲ್ಲಿ ವಿಚಾರಿಸಬೇಕೆಂದಿದ್ದೇವೆ.

ಮಾಸ್ಕ್ ಎಂದರೇನೆಂದು ತಿಳಿಯಲು ದೂರ ಹೋಗಬೇಕಾಗಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಗಳ ಅಂಗಡಿಬೀದಿಗಳಲ್ಲಿ ದೊರೆಯುವ, ತೂತು ಕೊರೆದ ರಂಗೋಲಿ ತಟ್ಟೆಯನ್ನು ನೆನೆದರೆ ಸಾಕು. ತೂತಿರುವಲ್ಲಿ ಪುಡಿ ನೆಲಕ್ಕಿಳಿಯುತ್ತದೆ. ಇಲ್ಲದೆಡೆ ತಟ್ಟೆಯ ಮೇಲೆಯೇ ನಿಲ್ಲುತ್ತದೆ. ಪುಡಿಗೆ ಬದಲಾಗಿ ಬೆಳಕನ್ನೋ ಎಲೆಕ್ಟ್ರಾನುಗಳನ್ನೋ ಸುರಿದರೆ ಅದೇ ಮಾಸ್ಕ್. ವ್ಯತ್ಯಾಸವಿಷ್ಟೆ: ರಂಗೋಲಿಯ ಪುಡಿ ತಟ್ಟೆಯನ್ನು ಸುಡುವುದಿಲ್ಲ.

ಬಣ್ಣದ ಚಿತ್ರಕ್ಕೆ ಇಂತಹ ತಡೆಯೊಂದನ್ನು ಬಳಸುವ ಯೋಚನೆ ಜರ್ಮನಿಯ ವೆರ್ನರ್ ಫ್ಲೆಕ್ಸಿಗನದು (೧೯೩೮). ೧೯೫೦ರಲ್ಲಿ ಅಮೆರಿಕದ ಆರ್.ಸಿ.ಎ. ಸಂಸ್ಥೆ ಪ್ರದರ್ಶಿಸಿದ ಚಿತ್ರಕೊಳವೆಯ ಲೋಹದ ಹಾಳೆಯಲ್ಲಿ ೧,೧೭,೦೦೦ ರಂಧ್ರಗಳಿದ್ದುವು. ಈ ಹಾಳೆಗೆ ಎರಡು ಕೆಲಸ. ಕಾರ್ಖಾನೆಯಲ್ಲಿ ಅದರ ಮೂಲಕ ಬೆಳಕನ್ನು ಹಾಯಿಸಿ ಗಾಜಿನ ಮೇಲೆ ಕೆಂಪು, ಹಸಿರು, ನೀಲಿ ಚುಕ್ಕೆಗಳನ್ನು ಅಚ್ಚೊತ್ತುವ ಕ್ರಮ ೧೯೫೦ರ ದಶಕದಲ್ಲಿಯೇ ರೂಢಿಗೆ ಬಂದಿತು. ಬಳಿಕ ಅದೇ ಹಾಳೆ ಕೊಳವೆಯೊಳಗೆ ನೆಲೆಸಿ, ಪ್ರತಿಯೊಂದು ಎಲೆಕ್ಟ್ರಾನ್ ಕಿರಣವೂ ತನ್ನ ಬಣ್ಣದ ಚುಕ್ಕೆಯನ್ನೇ ಮುಟ್ಟುವಂತೆ ನೋಡಿಕೊಳ್ಳುತ್ತಿತ್ತು.

ಆದರೆ ಬಂದ ಎಲೆಕ್ಟ್ರಾನುಗಳಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ರಂಧ್ರವನ್ನು ಸೇರದೆ ಲೋಹಕ್ಕೇ ಬಡಿಯುತ್ತಿದ್ದುವು. ಹಾಳೆ ಕಾದು ಉಬ್ಬುತ್ತಿತ್ತು. ರಂಧ್ರಗಳು ಸ್ಥಾನ ತಪ್ಪಿ ಬಣ್ಣಗಳು ಕಲಬೆರಕೆಯಾಗುತ್ತಿದ್ದುವು. ಇದಕ್ಕೆ ಕಂಡುಕೊಂಡ ಪರಿಹಾರಗಳಲ್ಲಿ ಮೊದಲನೆಯದು ಉಕ್ಕಿನ ಮೇಲ್ಮೈಯನ್ನು ಕಪ್ಪಾಗಿಸುವುದು: ಕಪ್ಪು ಮೈ ಶಾಖವನ್ನು ಬೇಗ ಹೊರಸೂಸುತ್ತದೆ. ಮತ್ತೊಂದು, ಷಾರ್ಲ್ ಗಿಯೋಂ ೧೮೯೬ರಲ್ಲಿ ಕಂಡುಹಿಡಿದ ಇನ್ವಾರ್ ಎಂಬ ಕಬ್ಬಿಣ-ನಿಕ್ಕಲ್ ಮಿಶ್ರಲೋಹದ ಬಳಕೆ. ಇದು ಕಾದಾಗ ಉಕ್ಕಿನ ಹತ್ತನೆಯ ಒಂದು ಪಾಲಿನಷ್ಟು ಮಾತ್ರ ಹಿಗ್ಗುತ್ತದೆ. ಇವೆರಡೂ ಬಂದ ಹೊಡೆತವನ್ನು ತಾಳಿಕೊಳ್ಳುವ ಉಪಾಯಗಳು. ಮೂರನೆಯದು ಬೇರೆಯ ಜಾತಿಯದು. ಕಿರಣ ಬಡಿಯುವ ಬದಿಗೆ ಬಿಸ್ಮತ್ ಆಕ್ಸೈಡಿನ ತೆಳುಲೇಪವನ್ನು ಕೊಟ್ಟರೆ, ಅದರ ಭಾರವಾದ ಪರಮಾಣುಗಳು ಎಲೆಕ್ಟ್ರಾನುಗಳಲ್ಲಿ ಗಣನೀಯ ಪಾಲನ್ನು ಹಿಂದಕ್ಕೆ ಚದುರಿಸುತ್ತವೆ. ಹಾಳೆಗೆ ಶಾಖ ತಟ್ಟುವುದೇ ಕಡಿಮೆಯಾಗುತ್ತದೆ. ತಾಳುವುದನ್ನು ಬಿಟ್ಟು ತಿರಸ್ಕರಿಸುವುದು, ಇದೇ ಈ ಚರಿತ್ರೆಯ ನಿಜವಾದ ತಿರುವೆಂದು ನಮ್ಮ ಅಭಿಪ್ರಾಯ.

ಲೇಸರ್ ಬಂದ ಮೇಲೆ ಈ ತಿರುವು ಅನಿವಾರ್ಯವಾಯಿತು. ೧೯೮೧ರಲ್ಲಿ ಐ.ಬಿ.ಎಂ. ಸಂಸ್ಥೆಯ ರಂಗಸ್ವಾಮಿ ಶ್ರೀನಿವಾಸನ್, ಜೇಮ್ಸ್ ವಿನ್ ಮತ್ತು ಸ್ಯಾಮ್ಯುಯಲ್ ಬ್ಲಮ್ ಅವರು ಅತಿನೇರಳೆ ಲೇಸರಿನಿಂದ ಸುತ್ತಲಿನ ಭಾಗಕ್ಕೆ ಸುಟ್ಟಗಾಯವಾಗದಂತೆ ಅಂಗಾಂಶವನ್ನು ಕೆತ್ತಬಹುದೆಂದು ತೋರಿಸಿದರು. ಇಂದು ಕಣ್ಣಿನ ದೃಷ್ಟಿಯನ್ನು ತಿದ್ದುವ ಶಸ್ತ್ರಚಿಕಿತ್ಸೆಗೂ ಮೂಲ ಅದೇ. ಇದೇ ಜಾತಿಯ ಲೇಸರನ್ನು ಮಾಸ್ಕಿನ ಮೂಲಕ ಹಾಯಿಸಿ ತೆಳುಪದರಗಳಲ್ಲಿ ವಿನ್ಯಾಸಗಳನ್ನು ಕೊರೆಯುವ ಪದ್ಧತಿ ಬೆಳೆಯಿತು. ಆದರೆ ಸಾಮಾನ್ಯ ಮಾಸ್ಕ್ ಎಂದರೆ ಸ್ಫಟಿಕಗಾಜಿನ ಮೇಲೆ ಮಿಲಿಮೀಟರಿನ ಹತ್ತುಸಾವಿರದ ಒಂದು ಪಾಲಿನಷ್ಟು ದಪ್ಪದ ಕ್ರೋಮಿಯಂ. ಅದು ಬೆಳಕಿನ ಗಣನೀಯ ಭಾಗವನ್ನು ನುಂಗುತ್ತದೆ. ಪ್ರಬಲವಾದ ಲೇಸರಿನ ಮಿಡಿತಗಳು ಬಿದ್ದಂತೆ ಕರಗಿ, ಸಿಡಿದು ಏಳುತ್ತದೆ. ವಿನ್ಯಾಸವನ್ನು ಕೆತ್ತಬೇಕಾದ ಕಿರಣ ಅಚ್ಚನ್ನೇ ಕೆತ್ತಿಹಾಕಿದಂತಾಯಿತು. ಪರಿಹಾರವಾಗಿ ಬಂದುದು ಲೋಹವಲ್ಲದ ಪಾರದರ್ಶಕ ಆಕ್ಸೈಡುಗಳ ಲೇಪ. ಬೆಳಕನ್ನು ಹೆಚ್ಚು ಬಾಗಿಸುವ ಪದರ, ಕಡಿಮೆ ಬಾಗಿಸುವ ಪದರ, ಹೀಗೆ ಒಂದರ ಮೇಲೊಂದರಂತೆ, ಪ್ರತಿಯೊಂದೂ ತನ್ನೊಳಗಿನ ಬೆಳಕಿನ ಅಲೆಯ ಕಾಲುಭಾಗದಷ್ಟು ದಪ್ಪ. ಪ್ರತಿ ಗಡಿಯಲ್ಲಿಯೂ ಕೊಂಚವೇ ಬೆಳಕು ಮರಳುತ್ತದೆ. ಮರಳಿದ ಅಲೆಗಳೆಲ್ಲ ಹೆಜ್ಜೆಗೂಡಿ ನೂರರಲ್ಲಿ ತೊಂಬತ್ತೊಂಬತ್ತಕ್ಕೂ ಮಿಗಿಲಾದ ಪಾಲು ಹಿಂದಿರುಗುತ್ತದೆ. ನುಂಗದೆ ಇದ್ದುದರಿಂದ ಸುಡುವುದೂ ಇಲ್ಲ.

ಈ ತತ್ತ್ವ ಕನ್ನಡನಾಡಿಗೆ ಹೊಸದಲ್ಲ. ಸರ್ ಸಿ. ವಿ. ರಾಮನ್ ಅವರು ೧೯೩೦ರ ದಶಕದಲ್ಲಿ ಬೆಂಗಳೂರಿನಲ್ಲಿದ್ದುಕೊಂಡು ಚಿಪ್ಪುಗಳ ಒಳಮೈಯ ವರ್ಣವಿಲಾಸವನ್ನು ಪರಿಶೀಲಿಸಿದ್ದರು. ಅಲ್ಲಿಯೂ ಇರುವುದು ಇಂತಹ ಪದರಗಳ ಒಟ್ಟಣೆಯೇ. ಕೆರೆಯಂಗಳದಲ್ಲಿ ಸಿಕ್ಕುವ ಕಪ್ಪೆಚಿಪ್ಪನ್ನು ಒರೆಸಿ ಬಿಸಿಲಿಗೆ ಹಿಡಿದರೆ ನಮ್ಮ ವಿದ್ಯಾರ್ಥಿಗಳೂ ಅದನ್ನು ಕಾಣಬಹುದು. (ಇತಿಹಾಸದ ತರಗತಿಗೆ ಚಿಪ್ಪೇಕೆ ಎಂದು ಕೇಳುವವರಿದ್ದಾರು, ನಾಣ್ಯವೇಕೆ ಎಂದು ಯಾರೂ ಕೇಳುವುದಿಲ್ಲ.)

ಲೇಪಕ್ಕೂ ಮಿತಿಯುಂಟು. ಅದು ಗೊತ್ತಾದ ಅಲೆಯಳತೆಗೂ ಗೊತ್ತಾದ ಕೋನಕ್ಕೂ ಮಾತ್ರ ಕನ್ನಡಿಯಾಗುತ್ತದೆ. ಒಂದು ಧೂಳಿನ ಕಣ ಕುಳಿತರೆ ಅಲ್ಲಿಂದಲೇ ಹಾನಿ ಮೊದಲಾಗಬಹುದು.

ಇನ್ನು ಆಧಾರಗಳ ವಿಚಾರ. ಲೇಪಗಳ ಚರಿತ್ರೆ ಬಹುಮಟ್ಟಿಗೆ ಪೇಟೆಂಟು ಪತ್ರಗಳಲ್ಲಿಯೂ ವಸ್ತುಗಳಲ್ಲಿಯೂ ಅಡಗಿದೆ. ೧೯೮೨ರಲ್ಲಿ ಭಾರತದಲ್ಲಿ ಬಣ್ಣದ ಪ್ರಸಾರ ಆರಂಭವಾದ ಮೇಲೆ ನಮ್ಮ ಜಿಲ್ಲೆಯ ಮನೆಗಳಿಗೂ ಬಂದ ಕೊಳವೆಗಳು ಈಗ ಗುಜರಿಯ ಪಾಲಾಗುತ್ತಿವೆ. ಸೀಸ ಬೆರೆತ ಅವುಗಳ ಗಾಜನ್ನು ಒಡೆಯುವುದು ಅಪಾಯಕರವಾದುದರಿಂದ ವಿದ್ಯಾರ್ಥಿಗಳು ಆ ಕೆಲಸಕ್ಕೆ ಕೈಹಾಕಕೂಡದು. ಬಲ್ಲವರಿಂದ ಬಿಡಿಸಿದ ಒಂದೆರಡು ಕಪ್ಪು ಹಾಳೆಗಳನ್ನಾದರೂ, ತಯಾರಾದ ವರ್ಷದ ಗುರುತಿನೊಡನೆ, ಕಾಲೇಜಿನ ವಸ್ತುಸಂಗ್ರಹದಲ್ಲಿ ಇರಿಸಿಕೊಳ್ಳುವುದು ಈಗ ಸಾಧ್ಯವಿದೆ.