ಜಪಾನಿನ ತೆರೆಯ ಮರೆತ ಮುಖಗಳು

ಜಪಾನಿನ ಸಿನಿಮಾ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಅಕಿರಾ ಕುರೋಸಾವಾ. 1951ರಲ್ಲಿ ಅವರ 'ರಾಶೊಮನ್' ವೆನಿಸ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಡೆದಾಗ ಜಗತ್ತು ಜಪಾನಿನತ್ತ ತಿರುಗಿ ನೋಡಿತು. ಫಿಲ್ಮ್ ಸೊಸೈಟಿಗಳ ಒಡನಾಟ ಇದ್ದವರು ಒಜು, ಮಿಜೊಗುಚಿ ಅವರನ್ನೂ ಬಲ್ಲರು. ಆದರೆ ಈ ದೊಡ್ಡ ಮರಗಳ ನೆರಳಿನಲ್ಲೇ ಉಳಿದುಹೋದ ಒಳ್ಳೆಯ ಚಿತ್ರಗಳು ಬಹಳ. ಅವನ್ನು ಕಾಲಾನುಕ್ರಮದಲ್ಲಿ ನೋಡುತ್ತ ಹೋದರೆ, ಪ್ರಭುತ್ವ ಕಲಾವಿದರ ಬಾಯಿಂದ ಏನನ್ನು ಹೇಳಿಸಬಯಸಿತು, ಅವರು ಏನನ್ನು ಹೇಳಿದರು ಎಂಬ ಚರಿತ್ರೆಯೊಂದು ತೆರೆದುಕೊಳ್ಳುತ್ತದೆ.

ಮೊದಲು ನೆನೆಯಬೇಕಾದವರು ಸದಾವೊ ಯಮನಾಕಾ. 1909ರಲ್ಲಿ ಹುಟ್ಟಿದ ಇವರು ಆರೇಳು ವರ್ಷಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಚಿತ್ರಗಳನ್ನು ನಿರ್ದೇಶಿಸಿದರು. ಇಂದು ಪೂರ್ಣವಾಗಿ ಉಳಿದಿರುವುದು ಮೂರು ಮಾತ್ರ. ಅವುಗಳಲ್ಲಿ ಕೊನೆಯದು 1937ರ 'ಮನುಷ್ಯತ್ವ ಮತ್ತು ಕಾಗದದ ಬಲೂನು'. ಕತ್ತಿವರಸೆಯ ಸಮುರಾಯ್ ಚಿತ್ರಗಳು ಜನರನ್ನು ರಂಜಿಸುತ್ತಿದ್ದ ಕಾಲದಲ್ಲಿ ಯಮನಾಕಾ ಕ್ಯಾಮರಾವನ್ನು ಹದಿನೆಂಟನೇ ಶತಮಾನದ ಬಡವರ ವಠಾರವೊಂದಕ್ಕೆ ಒಯ್ದರು. ಚಿತ್ರ ಆರಂಭವಾಗುವುದೇ ಒಬ್ಬ ಬಡ ಸಮುರಾಯ್‌ನ ಆತ್ಮಹತ್ಯೆಯಿಂದ. ಆತ ನೇಣು ಹಾಕಿಕೊಂಡಿದ್ದಾನೆ. ತನ್ನ ಕುಲದ ಸಂಪ್ರದಾಯದಂತೆ ಕತ್ತಿಯಿಂದ ಸಾಯೋಣವೆಂದರೆ ಕತ್ತಿಯನ್ನು ಎಂದೋ ಮಾರಿಯಾಗಿದೆ. ಅದೇ ವಠಾರದ ಇನ್ನೊಬ್ಬ ಸಮುರಾಯ್ ಕೆಲಸಕ್ಕಾಗಿ ಅಂಗಲಾಚುತ್ತ ಅಲೆಯುತ್ತಾನೆ. ಹೆಂಡತಿ ಕಾಗದದ ಬಲೂನು ಮಾಡಿ ಮನೆ ನಡೆಸುತ್ತಾಳೆ. ವೀರತ್ವದ ಪುರಾಣವನ್ನು ಇಷ್ಟು ಮೆಲುದನಿಯಲ್ಲಿ ಪ್ರಶ್ನಿಸಿದ ಚಿತ್ರಗಳು ವಿರಳ.

ಈ ಚಿತ್ರ ಬಿಡುಗಡೆಯಾದ ಹೊತ್ತಿಗೇ ಯಮನಾಕಾಗೆ ಸೇನೆಯ ಕರೆ ಬಂತು. ಚೀನಾದ ಯುದ್ಧಭೂಮಿಗೆ ಹೋದ ಅವರು 1938ರ ಸೆಪ್ಟೆಂಬರಿನಲ್ಲಿ ಅಲ್ಲೇ ಕಾಯಿಲೆಯಿಂದ ತೀರಿಕೊಂಡರು. ಆಗ ಅವರಿಗೆ ಕೇವಲ 28 ವರ್ಷ.

ಮರುವರ್ಷ, 1939ರಲ್ಲಿ, ಜಪಾನಿನಲ್ಲಿ ಚಲನಚಿತ್ರ ಕಾನೂನು ಜಾರಿಗೆ ಬಂತು. ಚಿತ್ರಕತೆಗೆ ಮೊದಲೇ ಒಪ್ಪಿಗೆ ಪಡೆಯಬೇಕು, ನಿರ್ದೇಶಕರಿಗೂ ನಟರಿಗೂ ಪರವಾನಗಿ ಇರಬೇಕು. ಅದೇ ವರ್ಷ ಫುಮಿಯೊ ಕಮೇಯಿ ಎಂಬ ಸಾಕ್ಷ್ಯಚಿತ್ರಕಾರರು ಸೇನೆಯ ಸಹಕಾರದಿಂದಲೇ ಚೀನಾದಲ್ಲಿ ಚಿತ್ರೀಕರಿಸಿ 'ಹೋರಾಡುವ ಸೈನಿಕರು' ಚಿತ್ರ ಮಾಡಿದರು. ಸೇನೆಗೆ ಬೇಕಿದ್ದುದು ವಿಜಯಘೋಷ. ಕಮೇಯಿ ತೋರಿಸಿದ್ದು ದಣಿದ ಮುಖಗಳನ್ನು, ಮನೆ ಸುಟ್ಟುಹೋದ ಚೀನೀ ರೈತರನ್ನು, ದಾರಿಯಲ್ಲಿ ಕುಸಿದು ಬೀಳುವ ರೋಗಿಷ್ಠ ಕುದುರೆಯನ್ನು. ಇವರು ಹೋರಾಡುವ ಸೈನಿಕರಲ್ಲ, ಬಳಲಿದ ಸೈನಿಕರು ಎಂಬ ಮೂದಲಿಕೆ ಹುಟ್ಟಿತು. ಚಿತ್ರ ಬಿಡುಗಡೆ ಕಾಣಲಿಲ್ಲ. 1941ರಲ್ಲಿ ಕಮೇಯಿ ಜೈಲು ಸೇರಿದರು, ಅವರ ಪರವಾನಗಿಯೂ ಹೋಯಿತು.

ಕತೆ ಇಲ್ಲಿಗೆ ಮುಗಿಯುವುದಿಲ್ಲ. ಯುದ್ಧ ಸೋತ ಮೇಲೆ ಜಪಾನ್ ಅಮೆರಿಕದ ಆಡಳಿತಕ್ಕೆ ಒಳಗಾಯಿತು. 1946ರಲ್ಲಿ ಕಮೇಯಿ 'ಜಪಾನಿನ ದುರಂತ' ಎಂಬ ಚಿತ್ರದಲ್ಲಿ ಯುದ್ಧದ ಹೊಣೆಗಾರಿಕೆಯ ಪ್ರಶ್ನೆ ಎತ್ತಿದರು. ಸೇನಾ ಸಮವಸ್ತ್ರದಲ್ಲಿದ್ದ ಚಕ್ರವರ್ತಿಯ ಚಿತ್ರ ಮೆಲ್ಲನೆ ಕರಗಿ, ಕೋಟು ತೊಟ್ಟ ಸಾಧು ನಾಗರಿಕನ ಚಿತ್ರವಾಗುವ ದೃಶ್ಯ ಅದರಲ್ಲಿದೆ. ಮೊದಲು ಒಪ್ಪಿಗೆ ಕೊಟ್ಟಿದ್ದ ಅಮೆರಿಕನ್ ಅಧಿಕಾರಿಗಳೇ ಪ್ರಧಾನಿ ಯೊಶಿದಾ ಅವರ ಆಕ್ಷೇಪದ ನಂತರ ಚಿತ್ರವನ್ನು ನಿಷೇಧಿಸಿದರು. ಒಬ್ಬನೇ ಕಲಾವಿದ, ಪರಸ್ಪರ ಶತ್ರುಗಳಾಗಿದ್ದ ಎರಡು ಆಡಳಿತಗಳು, ಎರಡು ನಿಷೇಧ. ಸತ್ತೆ ಬದಲಾಯಿತು, ಕತ್ತರಿ ಬದಲಾಗಲಿಲ್ಲ.

ಎಲ್ಲರೂ ಕಮೇಯಿಯಂತೆ ನೇರವಾಗಿ ಎದುರು ನಿಲ್ಲಲಾರರು. ಕೈಸುಕೆ ಕಿನೊಶಿತಾ ಅವರ 'ಸೈನ್ಯ' 1944ರಲ್ಲಿ ಸೇನೆಯ ಪ್ರೇರಣೆಯಿಂದಲೇ ತಯಾರಾದ ಚಿತ್ರ. ಮಗನನ್ನು ದೇಶಕ್ಕೆ ಒಪ್ಪಿಸುವ ಕುಟುಂಬದ ಕತೆ. ಕೊನೆಯ ದೃಶ್ಯದವರೆಗೂ ಆಳುವವರಿಗೆ ಒಪ್ಪಿಗೆಯಾಗುವಂತೆಯೇ ಇದೆ. ಆಮೇಲೆ ಮಗನ ದಳ ಬೀದಿಯಲ್ಲಿ ಸಾಗುತ್ತದೆ. ಮನೆಯಲ್ಲಿ ಕುಳಿತಿರಲಾರದ ತಾಯಿ ಓಡೋಡಿ ಬರುತ್ತಾಳೆ. ಬಾವುಟ ಬೀಸುತ್ತಿರುವ ಜನಜಂಗುಳಿಯನ್ನು ಸೀಳಿಕೊಂಡು, ಎಡವುತ್ತ, ಮಗನ ಮುಖವನ್ನು ಅರಸುತ್ತಾಳೆ. ಕಡೆಗೆ ಕೈ ಜೋಡಿಸಿ ನಿಲ್ಲುತ್ತಾಳೆ. ಮಾತು ಇಲ್ಲವೆನ್ನುವಷ್ಟು ಕಡಿಮೆ. ತಾಯಿಯ ಪಾತ್ರದಲ್ಲಿ ನಟಿ ಕಿನುಯೊ ತನಾಕಾ. ಮಗ ಸಾಯುವುದು ತಾಯಿಗೆ ಬೇಕಿಲ್ಲ ಎಂಬ ಸರಳ ಸತ್ಯ ಆ ಕೆಲವು ನಿಮಿಷಗಳಲ್ಲಿ ಇಡೀ ಪ್ರಚಾರವನ್ನು ಸುಳ್ಳಾಗಿಸಿತು. ಅಧಿಕಾರಿಗಳು ಸಿಟ್ಟಾದರು. ಯುದ್ಧ ಮುಗಿಯುವವರೆಗೆ ಕಿನೊಶಿತಾ ಇನ್ನೊಂದು ಚಿತ್ರ ಮಾಡಲಾಗಲಿಲ್ಲ. ಮುಂದೆ 1953ರಲ್ಲಿ ತನಾಕಾ ತಾವೇ ನಿರ್ದೇಶಕಿಯಾಗಿ ಒಟ್ಟು ಆರು ಚಿತ್ರ ಮಾಡಿದರೆಂಬುದೂ ನೆನಪಿಡಬೇಕಾದ ಸಂಗತಿ.

ಅಮೆರಿಕನ್ ಆಡಳಿತದ ಕಾಲದಲ್ಲಿ ಅಣುಬಾಂಬಿನ ಬಗ್ಗೆ ಬಿಚ್ಚುಮನಸ್ಸಿನಿಂದ ಮಾತನಾಡುವಂತಿರಲಿಲ್ಲ. ಆ ಆಡಳಿತ ಮುಗಿದದ್ದು 1952ರ ಏಪ್ರಿಲಿನಲ್ಲಿ. ಅದೇ ವರ್ಷ ಹಿರೋಶಿಮಾ ಪ್ರಾಂತ್ಯದವರೇ ಆದ ಕಾನೆತೊ ಶಿಂದೊ 'ಹಿರೋಶಿಮಾದ ಮಕ್ಕಳು' ಚಿತ್ರವನ್ನು ತೆರೆಗೆ ತಂದರು. ಶಿಕ್ಷಕಿಯೊಬ್ಬಳು ತನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಬದುಕುಳಿದವರನ್ನು ಹುಡುಕಿಕೊಂಡು ಹೋಗುತ್ತಾಳೆ, ಅಷ್ಟೆ. ಎಂಟು ವರ್ಷಗಳ ನಂತರ ಅದೇ ಶಿಂದೊ 'ನಗ್ನ ದ್ವೀಪ' ಮಾಡಿದರು. ನೀರಿಲ್ಲದ ಪುಟ್ಟ ದ್ವೀಪದಲ್ಲಿ ಒಂದು ರೈತ ಕುಟುಂಬ. ಗಂಡ ಹೆಂಡತಿ ದೋಣಿಯಲ್ಲಿ ನೀರು ತಂದು, ಹೆಗಲ ಮೇಲೆ ಹೊತ್ತು, ಗುಡ್ಡ ಹತ್ತಿ ಗಿಡಗಳ ಬುಡಕ್ಕೆ ಹನಿಸುತ್ತಾರೆ. ಇಡೀ ಚಿತ್ರದಲ್ಲಿ ಸಂಭಾಷಣೆಯೇ ಇಲ್ಲ. ಮಗ ಸತ್ತ ಮೇಲೆ ತಾಯಿ ಒಮ್ಮೆ ನೀರು ಚೆಲ್ಲಿ, ಗಿಡ ಕಿತ್ತು, ನೆಲಕ್ಕೆ ಬಿದ್ದು ಅಳುತ್ತಾಳೆ. ಮತ್ತೆ ಎದ್ದು ನೀರು ಹನಿಸತೊಡಗುತ್ತಾಳೆ. ಮುಚ್ಚುವ ಸ್ಥಿತಿಯಲ್ಲಿದ್ದ ಶಿಂದೊ ಅವರ ಸಣ್ಣ ಸಂಸ್ಥೆಯನ್ನು 1961ರ ಮಾಸ್ಕೋ ಚಿತ್ರೋತ್ಸವದ ಪ್ರಶಸ್ತಿ ಬದುಕಿಸಿತು. ನೂರು ವರ್ಷ ಬಾಳಿದ ಶಿಂದೊ 2012ರಲ್ಲಿ ತೀರಿಕೊಂಡರು.

ಅಲ್ಪಸಂಖ್ಯಾತರ ಪ್ರಶ್ನೆಯನ್ನು ಎದುರಿಸಿದ ಚಿತ್ರವೆಂದರೆ ನಗಿಸಾ ಒಶಿಮಾ ಅವರ 'ನೇಣಿನಿಂದ ಮರಣ', 1968ರದ್ದು. 1910ರಿಂದ 1945ರವರೆಗೆ ಕೊರಿಯಾ ಜಪಾನಿನ ವಸಾಹತಾಗಿತ್ತು. ದುಡಿಯಲು ಬಂದು ಅಲ್ಲೇ ನೆಲೆಸಿದ ಕೊರಿಯನ್ನರು 1952ರಲ್ಲಿ ಜಪಾನಿನ ಪೌರತ್ವ ಕಳೆದುಕೊಂಡರು. ಕೊಲೆ ಆರೋಪದಲ್ಲಿ 1962ರಲ್ಲಿ ನೇಣಿಗೇರಿದ ಕೊರಿಯನ್ ಯುವಕನೊಬ್ಬನ ನಿಜ ಪ್ರಕರಣವೇ ಚಿತ್ರದ ಪ್ರೇರಣೆ. ತೆರೆಯ ಮೇಲೆ ಗಲ್ಲಿಗೇರಿಸಿದ ಯುವಕ ಸಾಯುವುದಿಲ್ಲ, ನೆನಪು ಮಾತ್ರ ಕಳೆದುಕೊಳ್ಳುತ್ತಾನೆ. ತಾನು ಯಾರೆಂದು ತಿಳಿಯದವನನ್ನು ಮತ್ತೆ ನೇಣಿಗೆ ಹಾಕುವುದು ಹೇಗೆ? ಅಧಿಕಾರಿಗಳು ಅವನ ಅಪರಾಧವನ್ನೂ 'ಕೊರಿಯನ್' ಎಂದರೆ ಹೇಗಿರಬೇಕು ಎಂಬುದನ್ನೂ ತಾವೇ ನಟಿಸಿ ತೋರಿಸುತ್ತಾರೆ. ಅವರ ನಟನೆಯಲ್ಲಿ ಬಯಲಾಗುವುದು ಅವರದೇ ಪೂರ್ವಗ್ರಹಗಳು. ಒಂದು ಸಮುದಾಯದ ಮೇಲೆ ಇತರರು ಕತೆ ಕಟ್ಟಿ, ಆ ಕತೆಯನ್ನು ಒಪ್ಪಿಕೋ ಎಂದು ಒತ್ತಾಯಿಸುವ ರೀತಿಯನ್ನು ಬಲ್ಲ ಯಾರಿಗೂ ಈ ನಗೆಯ ಹಿಂದಿನ ನೋವು ಅರ್ಥವಾಗದಿರದು.

ಕೊನೆಯದಾಗಿ ನೊರಿಯಾಕಿ ತ್ಸುಚಿಮೊತೊ ಅವರ 1971ರ ಸಾಕ್ಷ್ಯಚಿತ್ರ. ಮಿನಮಾತಾ ಊರಿನ ರಾಸಾಯನಿಕ ಕಾರ್ಖಾನೆ ಕಡಲಿಗೆ ಬಿಟ್ಟ ಪಾದರಸ ಮೀನಿನ ಮೂಲಕ ಬಡ ಬೆಸ್ತರ ಮೈ ಸೇರಿತ್ತು. ರೋಗ ಅಧಿಕೃತವಾಗಿ ಗುರುತಾದದ್ದು 1956ರಲ್ಲಿ. ಕಾರ್ಖಾನೆಯೇ ಕಾರಣವೆಂದು ಸರಕಾರ ಒಪ್ಪಿದ್ದು 1968ರಲ್ಲಿ. ಚಿತ್ರದ ಕೊನೆಯಲ್ಲಿ ರೋಗಿಗಳೂ ಅವರ ಮನೆಯವರೂ ತಲಾ ಒಂದೊಂದು ಷೇರು ಕೊಂಡು, ಬಿಳಿಯ ಯಾತ್ರಿಕರ ಬಟ್ಟೆ ತೊಟ್ಟು, ಕಂಪೆನಿಯ ಷೇರುದಾರರ ಸಭೆಗೆ ಹೋಗುತ್ತಾರೆ. ಅಧ್ಯಕ್ಷರ ಮುಂದೆ ನಿಂತು ತಮ್ಮ ಸತ್ತವರ ಲೆಕ್ಕ ಕೇಳುತ್ತಾರೆ.

ಬೇರೆ ಬೇರೆ ಕಾಲದ, ಬೇರೆ ಬೇರೆ ಬಗೆಯ ಈ ಚಿತ್ರಗಳನ್ನು ಹೆಣೆದಿರುವ ದಾರ ಯಾವುದು? ದೇಶ, ಗೌರವ, ಪ್ರಗತಿ ಎಂಬ ದೊಡ್ಡ ಪದಗಳು ಮೊಳಗುತ್ತಿದ್ದಾಗ ಇವರೆಲ್ಲ ಆ ಪದಗಳ ಬೆಲೆ ತೆತ್ತವರ ಮುಖ ನೋಡಿದರು. ಅದಕ್ಕಾಗಿ ಕೆಲವರು ಜೈಲು ಕಂಡರು, ಕೆಲವರು ಕೆಲಸ ಕಳೆದುಕೊಂಡರು. ಸತ್ತುಹೋಯಿತೆಂದುಕೊಂಡಿದ್ದ ಕಮೇಯಿಯ ಆ ಯುದ್ಧಚಿತ್ರದ ಪ್ರತಿ 1970ರ ದಶಕದಲ್ಲಿ ಮತ್ತೆ ಸಿಕ್ಕಿತು. ಬಳಲಿದ ಆ ಸೈನಿಕರ ಮುಖಗಳನ್ನು ಈಗ ಯಾರು ಬೇಕಾದರೂ ನೋಡಬಹುದು.