ವಾಚಾತಿಗೆ ಸಿಕ್ಕಿತು ತೀರ್ಪು, ಮಲೆ ಮಹದೇಶ್ವರ ಬೆಟ್ಟಕ್ಕೆ ಪರಿಹಾರ ಮಾತ್ರ: ಗಂಧದ ಕಾಡಿನ ದೌರ್ಜನ್ಯಕ್ಕೆ ಹೊಣೆ ಯಾರು?

ಚೆನ್ನೈ: 2023ರ ಸೆಪ್ಟೆಂಬರ್ 29ರಂದು ಮದ್ರಾಸ್ ಹೈಕೋರ್ಟ್ ನೀಡಿದ ತೀರ್ಪೊಂದು ಕರ್ನಾಟಕದಲ್ಲಿ ಹೆಚ್ಚು ಸದ್ದು ಮಾಡಲಿಲ್ಲ. ಧರ್ಮಪುರಿ ಜಿಲ್ಲೆಯ ವಾಚಾತಿ ಎಂಬ ಬುಡಕಟ್ಟು ಹಳ್ಳಿಯ ಮೇಲೆ 31 ವರ್ಷಗಳ ಹಿಂದೆ ನಡೆದ ದಾಳಿಯ ಪ್ರಕರಣದಲ್ಲಿ ಅರಣ್ಯ, ಪೊಲೀಸ್ ಮತ್ತು ಕಂದಾಯ ಇಲಾಖೆ ಸಿಬ್ಬಂದಿಗೆ ವಿಧಿಸಿದ್ದ ಶಿಕ್ಷೆಯನ್ನು ನ್ಯಾಯಮೂರ್ತಿ ಪಿ. ವೇಲ್ಮುರುಗನ್ ಎತ್ತಿಹಿಡಿದರು. ಶಿಕ್ಷೆಯಾದವರು ಒಬ್ಬಿಬ್ಬರಲ್ಲ, 215 ಮಂದಿ. ಸರ್ಕಾರಿ ನೌಕರರು ಇಷ್ಟು ಸಂಖ್ಯೆಯಲ್ಲಿ ಒಂದೇ ಪ್ರಕರಣದಲ್ಲಿ ತಪ್ಪಿತಸ್ಥರಾದದ್ದು ದೇಶದಲ್ಲಿ ಅಪರೂಪ.

ಕನ್ನಡಿಗರಿಗೆ ಈ ತೀರ್ಪು ಮುಖ್ಯವಾಗಲು ಕಾರಣವಿದೆ. ಅದೇ ವರ್ಷಗಳಲ್ಲಿ ಗಡಿಯ ಈಚೆ, ಮಲೆ ಮಹದೇಶ್ವರ ಬೆಟ್ಟ, ಗೋಪಿನಾಥಂ ಸುತ್ತಮುತ್ತಲ ಹಳ್ಳಿಗಳಲ್ಲಿ ವೀರಪ್ಪನ್ ಬೇಟೆ ನಡೆದಿತ್ತು. ಅಲ್ಲಿಯೂ ದೌರ್ಜನ್ಯದ ದೂರುಗಳು ಬಂದವು, ವಿಚಾರಣೆ ನಡೆಯಿತು, ವರದಿ ಬಂತು. ಆದರೆ ಶಿಕ್ಷೆಯ ಮಾತಿಗೆ ಬಂದರೆ ಎರಡು ಕಥೆಗಳೂ ಬೇರೆ ಬೇರೆ ದಾರಿ ಹಿಡಿದವು. ಏಕೆ ಹೀಗಾಯಿತು? ಸಂಸತ್ತು ಮಾಡಿದ ಕಾನೂನುಗಳ ಪಾತ್ರ ಇದರಲ್ಲಿ ಎಷ್ಟು?

ವಾಚಾತಿಯಲ್ಲಿ ನಡೆದದ್ದು

ವಾಚಾತಿ ಇರುವುದು ಹರೂರು ಬಳಿ, ಸಿತ್ತೇರಿ ಬೆಟ್ಟದ ಬುಡದಲ್ಲಿ. ಇಲ್ಲಿನವರು ಪರಿಶಿಷ್ಟ ಪಂಗಡಕ್ಕೆ ಸೇರಿದ ಮಲಯಾಳಿ ಬುಡಕಟ್ಟಿನ ಜನ (ಕೇರಳದ ಮಲಯಾಳಿಗಳಿಗೂ ಇವರಿಗೂ ಸಂಬಂಧವಿಲ್ಲ, ಮಲೆಯಲ್ಲಿ ಬಾಳುವವರು ಎಂಬ ಅರ್ಥದಲ್ಲಿ ಬಂದ ಹೆಸರು). 1992ರ ಜೂನ್ 20ರಂದು ಕಳ್ಳಸಾಗಣೆಯ ಶ್ರೀಗಂಧ ಹುಡುಕುವ ನೆಪದಲ್ಲಿ ಅರಣ್ಯ ಇಲಾಖೆಯ 155, ಪೊಲೀಸ್ ಇಲಾಖೆಯ 108 ಮತ್ತು ಕಂದಾಯ ಇಲಾಖೆಯ 6 ಮಂದಿ ಹಳ್ಳಿಗೆ ನುಗ್ಗಿದರು. ಜನರನ್ನು ಥಳಿಸಿದರು, ಮನೆಗಳನ್ನು ಒಡೆದರು, ದವಸ ಧಾನ್ಯ ಹಾಳುಗೆಡವಿದರು, ಜಾನುವಾರು ಕೊಂದರು. 18 ಮಹಿಳೆಯರ ಮೇಲೆ ಅತ್ಯಾಚಾರ ನಡೆಯಿತು. ಆಮೇಲೆ ಗಂಧ ಕದ್ದ ಆರೋಪ ಹೊರಿಸಿ ಹಳ್ಳಿಯವರನ್ನೇ ಜೈಲಿಗೆ ಕಳಿಸಲಾಯಿತು. ಹೆಂಗಸರು, ಮಕ್ಕಳನ್ನೂ ಬಿಡಲಿಲ್ಲ.

ಸರ್ಕಾರ ಎಲ್ಲವನ್ನೂ ಅಲ್ಲಗಳೆಯಿತು. ತಮಿಳುನಾಡು ಬುಡಕಟ್ಟು ಜನರ ಸಂಘದವರು ಊರಿಗೆ ಹೋಗಿ ನೋಡಿ ಬಂದ ಮೇಲಷ್ಟೇ ವಿಷಯ ಹೊರಬಿತ್ತು. ಆಗ ರಾಜ್ಯಸಭಾ ಸದಸ್ಯರಾಗಿದ್ದ ಸಿಪಿಎಂ ನಾಯಕ ಎ. ನಲ್ಲಶಿವನ್ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು, ಅಲ್ಲಿಂದ ಪ್ರಕರಣ ಮದ್ರಾಸ್ ಹೈಕೋರ್ಟಿಗೆ ಬಂತು. ಮೊದಲ ಸುತ್ತಿನಲ್ಲಿ ಹಿನ್ನಡೆಯೇ ಆಯಿತು, ಜವಾಬ್ದಾರಿ ಸ್ಥಾನದಲ್ಲಿರುವ ಅಧಿಕಾರಿಗಳು ಹೀಗೆ ನಡೆದುಕೊಂಡಿರುತ್ತಾರೆಂದು ನಂಬಲು ನ್ಯಾಯಾಲಯ ಸಿದ್ಧವಿರಲಿಲ್ಲ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ರಾಷ್ಟ್ರೀಯ ಆಯೋಗದ ಅಧಿಕಾರಿ ಬಿ. ಭಾಮತಿ ಸ್ಥಳಕ್ಕೆ ತೆರಳಿ ಕೊಟ್ಟ ವರದಿ ಚಿತ್ರಣ ಬದಲಿಸಿತು. 1995ರ ಫೆಬ್ರವರಿಯಲ್ಲಿ ಹೈಕೋರ್ಟ್ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. ಸಿಬಿಐ 269 ಮಂದಿಯ ವಿರುದ್ಧ ಆರೋಪಪಟ್ಟಿ ಸಲ್ಲಿಸಿತು.

ಧರ್ಮಪುರಿ ಸೆಷನ್ಸ್ ನ್ಯಾಯಾಲಯದ ತೀರ್ಪು ಬಂದದ್ದು 2011ರ ಸೆಪ್ಟೆಂಬರ್ 29ರಂದು. ಅಷ್ಟರಲ್ಲಿ 54 ಆರೋಪಿಗಳು ತೀರಿಹೋಗಿದ್ದರು. ಬದುಕಿದ್ದ 215 ಮಂದಿಯೂ ತಪ್ಪಿತಸ್ಥರು ಎಂದಿತು ನ್ಯಾಯಾಲಯ. ಅವರಲ್ಲಿ 17 ಮಂದಿ ಅತ್ಯಾಚಾರದ ಅಪರಾಧಿಗಳು. ಭಾರತೀಯ ಅರಣ್ಯ ಸೇವೆಯ ನಾಲ್ವರು ಅಧಿಕಾರಿಗಳೂ ಶಿಕ್ಷೆಗೊಳಗಾದರು.

ಮೇಲ್ಮನವಿ ವಿಚಾರಣೆ ವೇಳೆ ನ್ಯಾ. ವೇಲ್ಮುರುಗನ್ ಖುದ್ದಾಗಿ ವಾಚಾತಿಗೆ ಹೋಗಿ ಬಂದರು. 2023ರ ತೀರ್ಪಿನಲ್ಲಿ ಸಂತ್ರಸ್ತ 18 ಮಹಿಳೆಯರಿಗೆ ತಲಾ 10 ಲಕ್ಷ ರೂ. ಪರಿಹಾರಕ್ಕೆ ಆದೇಶಿಸಿ, ಅದರಲ್ಲಿ 5 ಲಕ್ಷವನ್ನು ಅತ್ಯಾಚಾರದ ಅಪರಾಧಿಗಳಿಂದಲೇ ವಸೂಲಿ ಮಾಡಬೇಕೆಂದರು. ಸಂತ್ರಸ್ತರ ಕುಟುಂಬಕ್ಕೆ ಉದ್ಯೋಗ ಅಥವಾ ಸ್ವಉದ್ಯೋಗದ ನೆರವು ನೀಡಬೇಕು, ಆಗಿನ ಜಿಲ್ಲಾಧಿಕಾರಿ, ಎಸ್‌ಪಿ, ಜಿಲ್ಲಾ ಅರಣ್ಯಾಧಿಕಾರಿ ಮೇಲೂ ಕ್ರಮ ಜರುಗಿಸಬೇಕು ಎಂದೂ ಸೂಚಿಸಿದರು. ಲಾಠಿ ಹಿಡಿದವನಷ್ಟೇ ಅಲ್ಲ, ಕಂಡೂ ಕಾಣದಂತೆ ಕುಳಿತ ಮೇಲಧಿಕಾರಿಯೂ ಉತ್ತರ ಹೇಳಬೇಕು ಎಂಬ ಈ ಭಾಗ ಇಡೀ ತೀರ್ಪಿನಲ್ಲೇ ತೂಕದ್ದು.

ಗಡಿಯ ಈಚೆ: ಸದಾಶಿವ ಸಮಿತಿ

ಈಗ ಕರ್ನಾಟಕಕ್ಕೆ ಬರೋಣ. 1991ರ ನವೆಂಬರ್‌ನಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಹತ್ಯೆ. 1992ರ ಮೇನಲ್ಲಿ ರಾಮಾಪುರ ಪೊಲೀಸ್ ಠಾಣೆ ಮೇಲೆ ದಾಳಿ. ಅದೇ ಆಗಸ್ಟ್ 14ರಂದು ಮೀಣ್ಯಂ ಬಳಿ ಎಸ್‌ಪಿ ಟಿ. ಹರಿಕೃಷ್ಣ, ಎಸ್‌ಐ ಶಕೀಲ್ ಅಹಮದ್ ಮತ್ತು ಜೊತೆಗಿದ್ದ ಸಿಬ್ಬಂದಿ ವೀರಪ್ಪನ್ ತಂಡದ ಗುಂಡಿಗೆ ಬಲಿ. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬ್ ಸ್ಫೋಟದಲ್ಲಿ 22 ಸಾವು. ಎರಡೂ ರಾಜ್ಯಗಳ ಪೊಲೀಸರು ಎಂಥ ಒತ್ತಡದಲ್ಲಿದ್ದರು ಎಂಬುದನ್ನು ಮರೆತು ಮುಂದಿನದನ್ನು ಓದುವಂತಿಲ್ಲ.

ಪಾಲಾರ್ ನಂತರ ಬೆಟ್ಟದ ಹಳ್ಳಿಗಳ ಮೇಲೆ ಬಿದ್ದದ್ದು ಜಂಟಿ ವಿಶೇಷ ಕಾರ್ಯಪಡೆಯ ಕಣ್ಣು. ಕಳ್ಳನಿಗೆ ಅಕ್ಕಿ ಕೊಟ್ಟೆ, ದಾರಿ ತೋರಿಸಿದೆ ಎಂಬ ಶಂಕೆಯೇ ಸಾಕಿತ್ತು. ಸೋಲಿಗರು, ತಮಿಳು ಮಾತಾಡುವ ಕೂಲಿಗಳು, ಕನ್ನಡದ ರೈತರು ಎಂಬ ಭೇದವಿಲ್ಲದೆ ಜನರನ್ನು ಹಿಡಿದೊಯ್ದರು. ದಾಖಲೆಯಿಲ್ಲದ ಬಂಧನ, ವಿದ್ಯುತ್ ಶಾಕ್, ಕೈಗಳನ್ನು ಹಿಂದಕ್ಕೆ ಕಟ್ಟಿ ತೂಗುಹಾಕುವುದು, ಎನ್‌ಕೌಂಟರ್ ಹೆಸರಿನ ಹತ್ಯೆ ಎಂಬ ದೂರುಗಳು ಸಾಲುಗಟ್ಟಿದವು. ಬೆಟ್ಟದ ಮೇಲಿದ್ದ ಚಿತ್ರಹಿಂಸೆಯ ಜಾಗವನ್ನು ಜನ ಕರೆಯುತ್ತಿದ್ದದ್ದು 'ವರ್ಕ್‌ಶಾಪ್' ಎಂದು.

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ನೇತೃತ್ವದಲ್ಲಿ ಸಮಿತಿ ರಚಿಸಿತು. ಸಿಬಿಐ ಮಾಜಿ ನಿರ್ದೇಶಕ ಸಿ.ವಿ. ನರಸಿಂಹನ್ ಇನ್ನೊಬ್ಬ ಸದಸ್ಯರು. ಸಮಿತಿ ಬೆಟ್ಟದ ಊರುಗಳಲ್ಲೇ ಕುಳಿತು ಹೇಳಿಕೆ ಪಡೆಯಿತು. ಪೊಲೀಸರ ಕಡೆಯವರು ಹೈಕೋರ್ಟಿಗೆ ಹೋದದ್ದರಿಂದ ವಿಚಾರಣೆ ಕೆಲಕಾಲ ನಿಂತೂ ಇತ್ತು. ವರದಿ ಆಯೋಗದ ಕೈಸೇರಿದ್ದು 2003ರ ಕೊನೆಗೆ. ಅದರ ಆಧಾರದ ಮೇಲೆ 2007ರ ಜನವರಿಯಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂ. ಪರಿಹಾರ ನೀಡುವಂತೆ ಎರಡೂ ಸರ್ಕಾರಗಳಿಗೆ ಆಯೋಗ ಹೇಳಿತು.

ವಾಚಾತಿಯಂತೆ ಸಾಮೂಹಿಕ ವಿಚಾರಣೆಯಾಗಲೀ ಶಿಕ್ಷೆಯಾಗಲೀ ಇಲ್ಲಿ ನಡೆಯಲಿಲ್ಲ. 2004ರ ಅಕ್ಟೋಬರ್ 18ರಂದು ಪಾಪ್ಪಾರಪಟ್ಟಿ ಬಳಿ (ಅದೂ ಧರ್ಮಪುರಿ ಜಿಲ್ಲೆಯೇ) ವೀರಪ್ಪನ್ ಹತನಾದ ಬಳಿಕ ತಮಿಳುನಾಡು ಸರ್ಕಾರ ಕಾರ್ಯಪಡೆಯ ಪ್ರತಿಯೊಬ್ಬರಿಗೂ 3 ಲಕ್ಷ ರೂ., ನಿವೇಶನ ಮತ್ತು ಬಡ್ತಿ ಘೋಷಿಸಿತು. ಆ ಹಣ ಬೇಡವೆನ್ನುವುದು ಇಲ್ಲಿನ ವಾದವಲ್ಲ, ಪ್ರಾಣ ಪಣಕ್ಕಿಟ್ಟವರು ಅದಕ್ಕೆ ಅರ್ಹರೇ. ಆದರೆ ಬಹುಮಾನ ಘೋಷಣೆಯಾದದ್ದು ಬೆನ್ನಲ್ಲೇ, ವರದಿ ಆಗಲೇ ಕೈಯಲ್ಲಿದ್ದರೂ ಪರಿಹಾರದ ಆದೇಶಕ್ಕೆ ಎರಡು ವರ್ಷ ಕಾಯಬೇಕಾಯಿತು.

ವ್ಯತ್ಯಾಸಕ್ಕೆ ಕಾರಣವೇನು?

ವಾಚಾತಿ ಒಂದು ಊರು, ಹೆಚ್ಚೂಕಡಿಮೆ ಒಂದೇ ದಿನದ ದಾಳಿ. ಯಾರು ಯಾರು ಹೋಗಿದ್ದರು ಎಂಬುದು ಇಲಾಖೆಗಳ ದಾಖಲೆಯಲ್ಲೇ ಇತ್ತು. ಮಲೆ ಮಹದೇಶ್ವರ ಬೆಟ್ಟದ ದೂರುಗಳು ವರ್ಷಗಟ್ಟಲೆ ಹರಡಿದ್ದವು, ಎರಡು ರಾಜ್ಯಗಳ ಪಡೆ, ಬದಲಾಗುತ್ತಿದ್ದ ಸಿಬ್ಬಂದಿ. ಇನ್ನೊಂದು ಸಂಗತಿ: ವಾಚಾತಿಯಲ್ಲಿ ಸಿಬಿಐ ತನಿಖೆ ನಡೆಸಿತು. ಅದು ಕೋರ್ಟಿನಲ್ಲಿ ನಿಲ್ಲುವ ಸಾಕ್ಷ್ಯ. ಸದಾಶಿವ ಸಮಿತಿಯದ್ದು ವಿಚಾರಣಾ ವರದಿ. ಮಾನವ ಹಕ್ಕುಗಳ ಆಯೋಗ ಶಿಫಾರಸು ಮಾಡಬಹುದೇ ಹೊರತು ಶಿಕ್ಷೆ ಕೊಡಲಾರದು. ವಾಚಾತಿಯಲ್ಲಿ ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯೂ ನೆರವಿಗೆ ಬಂತು.

ಇವೆಲ್ಲಕ್ಕಿಂತ ದೊಡ್ಡ ಕಾರಣ ಬೇರೆಯೇ ಇದೆ ಎನಿಸುತ್ತದೆ. ಅದು 2000ನೇ ಇಸವಿಯ ಆ 108 ದಿನಗಳು.

ಜುಲೈ 30ರ ರಾತ್ರಿ ದೊಡ್ಡಗಾಜನೂರಿನಿಂದ ಡಾ. ರಾಜ್‌ಕುಮಾರ್ ಅಪಹರಣವಾದಾಗ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಚೆನ್ನೈಗೆ ಧಾವಿಸಿ ಎಂ. ಕರುಣಾನಿಧಿ ಜೊತೆ ಮಾತುಕತೆ ನಡೆಸಿದರು. 'ನಕ್ಕೀರನ್' ಸಂಪಾದಕ ಗೋಪಾಲ್ ಸಂಧಾನಕಾರರಾಗಿ ಕಾಡಿಗೆ ಹೋದರು. ವೀರಪ್ಪನ್ ಬೇಡಿಕೆ ಪಟ್ಟಿಯಲ್ಲಿ ಕಾವೇರಿ ಇತ್ತು, ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆ ಇತ್ತು. ಅದರ ಜೊತೆಗೆ ಮೈಸೂರು ಜೈಲಿನಲ್ಲಿದ್ದ ಟಾಡಾ ಕೈದಿಗಳ ಬಿಡುಗಡೆ, ಕಾರ್ಯಪಡೆಯ ದೌರ್ಜನ್ಯಕ್ಕೆ ಒಳಗಾದವರಿಗೆ ಪರಿಹಾರವೂ ಇತ್ತು. ಬೆಟ್ಟದ ಬಡವರ ನ್ಯಾಯವಾದ ಕೂಗು ಅಪಹರಣಕಾರನ ಬಾಯಿಂದ ಹೊರಟ ಕ್ಷಣದಿಂದ ಅದು 'ಕಾಡುಗಳ್ಳನ ಬೇಡಿಕೆ'ಯಾಯಿತು. ಅದನ್ನು ಎತ್ತಿ ಮಾತಾಡಿದವರು ವೀರಪ್ಪನ್ ಪರ ಎನಿಸಿಕೊಳ್ಳುವ ಪರಿಸ್ಥಿತಿ. ವಾಚಾತಿಯವರಿಗೆ ಈ ಕಳಂಕ ಅಂಟಲಿಲ್ಲ.

ಕರ್ನಾಟಕ ಸರ್ಕಾರ ಟಾಡಾ ಆರೋಪ ಹಿಂಪಡೆಯಲು ಹೊರಟಾಗ ಸುಪ್ರೀಂ ಕೋರ್ಟಿಗೆ ಹೋದವರು ಮೀಣ್ಯಂನಲ್ಲಿ ಬಲಿಯಾದ ಎಸ್‌ಐ ಶಕೀಲ್ ಅಹಮದ್ ಅವರ ತಂದೆ ಅಬ್ದುಲ್ ಕರೀಂ. ನವೆಂಬರ್ 7ರಂದು ಕೋರ್ಟ್ ಆರೋಪ ಹಿಂಪಡೆಯುವುದನ್ನು ರದ್ದುಪಡಿಸಿತು. ಮಗನನ್ನು ಕಳೆದುಕೊಂಡ ತಂದೆಗೆ ಬೇಕಿದ್ದದ್ದೂ ಹೊಣೆಗಾರಿಕೆಯೇ. ಮುಂದೆ 2001ರಲ್ಲಿ ಮೈಸೂರಿನ ಟಾಡಾ ನ್ಯಾಯಾಲಯ ಪ್ರಕರಣ ಇತ್ಯರ್ಥಪಡಿಸಿದಾಗ ಆರೋಪಿಗಳಲ್ಲಿ ಹೆಚ್ಚಿನವರು ಖುಲಾಸೆಯಾದರು. ಅಷ್ಟರಲ್ಲಿ ಅವರಲ್ಲಿ ಹಲವರು ಜೈಲಿನಲ್ಲಿ ವರ್ಷಗಳನ್ನೇ ಕಳೆದಿದ್ದರು.

ಸಂಸತ್ತಿನಲ್ಲಿ ಟಾಡಾ, ಪೋಟಾ

ಟಾಡಾ ಬಂದದ್ದು 1985ರಲ್ಲಿ, ಇಂದಿರಾ ಗಾಂಧಿ ಹತ್ಯೆಯ ನಂತರದ ವಾತಾವರಣದಲ್ಲಿ. 1987ರಲ್ಲಿ ಹೊಸ ರೂಪ ಪಡೆಯಿತು. ಎಸ್‌ಪಿ ದರ್ಜೆಯ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯೂ ಸಾಕ್ಷ್ಯ ಎಂದಿತು ಈ ಕಾನೂನು. ಸಾಮಾನ್ಯ ಕಾನೂನಿನಲ್ಲಿ ಪೊಲೀಸರ ಮುಂದಿನ ತಪ್ಪೊಪ್ಪಿಗೆಗೆ ಬೆಲೆಯಿಲ್ಲ, ಏಕೆಂದರೆ ಅದನ್ನು ಹೊಡೆದು ಬಡಿದು ಪಡೆಯಬಹುದು. 'ವರ್ಕ್‌ಶಾಪ್' ಇದ್ದ ಕಾಲದಲ್ಲಿ ಜಾರಿಯಲ್ಲಿದ್ದ ಕಾನೂನು ಇದು ಎಂಬುದನ್ನು ಗಮನಿಸಬೇಕು. 1994ರಲ್ಲಿ ಕರ್ತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಟಾಡಾವನ್ನು ಎತ್ತಿಹಿಡಿಯಿತು. ಆದರೂ 76 ಸಾವಿರಕ್ಕೂ ಹೆಚ್ಚು ಬಂಧನ, ಬೆರಳೆಣಿಕೆಯ ಶಿಕ್ಷೆ ಎಂಬ ಲೆಕ್ಕ ಸಂಸತ್ತಿನ ಒಳಗೂ ಹೊರಗೂ ಚರ್ಚೆಯಾಯಿತು. 1995ರ ಫೆಬ್ರವರಿಯಲ್ಲಿ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷ ನ್ಯಾ. ರಂಗನಾಥ ಮಿಶ್ರಾ ಎಲ್ಲ ಸಂಸದರಿಗೆ ಪತ್ರ ಬರೆದು ಕಾಯ್ದೆ ಮುಂದುವರಿಸಬೇಡಿ ಎಂದು ಕೋರಿದರು. ಆ ಮೇನಲ್ಲಿ ಟಾಡಾ ಅವಧಿ ಮುಗಿಯಿತು, ಹಳೆಯ ಪ್ರಕರಣಗಳು ಮಾತ್ರ ಮುಂದುವರಿದವು.

2001ರ ಸಂಸತ್ ಭವನ ದಾಳಿಯ ಬಳಿಕ ಪೋಟಾ ಬಂತು. ರಾಜ್ಯಸಭೆಯಲ್ಲಿ ಸೋತ ಮಸೂದೆಗೆ 2002ರ ಮಾರ್ಚ್ 26ರಂದು ಜಂಟಿ ಅಧಿವೇಶನದಲ್ಲಿ 425–296 ಮತಗಳ ಅಂಗೀಕಾರ ಸಿಕ್ಕಿತು. ಪರವಾಗಿ ನಿಂತವರಲ್ಲಿ ಎಂಡಿಎಂಕೆ ನಾಯಕ ವೈಕೋ ಒಬ್ಬರು. ಜುಲೈನಲ್ಲಿ ಎಲ್‌ಟಿಟಿಇ ಪರ ಭಾಷಣದ ಆರೋಪದಲ್ಲಿ ಅದೇ ಪೋಟಾ ಅಡಿ ಜಯಲಲಿತಾ ಸರ್ಕಾರ ಅವರನ್ನು ಬಂಧಿಸಿತು. ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಅವರು ಜೈಲಿನಲ್ಲಿದ್ದರು. ಪಿ. ನೆಡುಮಾರನ್ 2002ರ ಆಗಸ್ಟ್‌ನಲ್ಲಿ, ನಕ್ಕೀರನ್ ಗೋಪಾಲ್ 2003ರ ಏಪ್ರಿಲ್‌ನಲ್ಲಿ ಪೋಟಾ ಕೈದಿಗಳಾದರು. ಈ ಇಬ್ಬರೂ ರಾಜ್‌ಕುಮಾರ್ ಬಿಡುಗಡೆಗಾಗಿ, ಎರಡು ಸರ್ಕಾರಗಳ ಒಪ್ಪಿಗೆಯೊಂದಿಗೆ, ಕಾಡಿಗೆ ಹೋಗಿ ಬಂದವರು. ಪೋಟಾ 2004ರಲ್ಲಿ ರದ್ದಾಯಿತು. ಅದರ ಹಲವು ಅಂಶಗಳು ಯುಎಪಿಎ ಕಾಯ್ದೆಗೆ ಸೇರಿದವು, ಪೊಲೀಸರ ಮುಂದಿನ ತಪ್ಪೊಪ್ಪಿಗೆ ಮಾತ್ರ ಸೇರಲಿಲ್ಲ.

ಮುಂದೆ ಬಾರದ ಮಸೂದೆ

ಕರ್ತವ್ಯದ ಹೆಸರಿನಲ್ಲಿ ಮಾಡಿದ ಕೃತ್ಯಕ್ಕೆ ಸರ್ಕಾರಿ ನೌಕರನ ಮೇಲೆ ಮೊಕದ್ದಮೆ ಹೂಡಲು ಸರ್ಕಾರದ ಪೂರ್ವಾನುಮತಿ ಬೇಕು. ದಂಡ ಪ್ರಕ್ರಿಯಾ ಸಂಹಿತೆಯ 197ನೇ ಕಲಂ ಹೇಳುತ್ತಿದ್ದದ್ದು ಇದನ್ನೇ. ಅನುಮತಿ ಕಡತ ವರ್ಷಗಟ್ಟಲೆ ಕೊಳೆಯುವುದು ಮಾಮೂಲು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 218ನೇ ಕಲಂ ಇಲ್ಲೊಂದು ಬದಲಾವಣೆ ತಂದಿದೆ: 120 ದಿನಗಳಲ್ಲಿ ಸರ್ಕಾರ ತೀರ್ಮಾನಿಸದಿದ್ದರೆ ಅನುಮತಿ ಸಿಕ್ಕಿದೆ ಎಂದೇ ಭಾವಿಸಲಾಗುತ್ತದೆ. ಅತ್ಯಾಚಾರದಂಥ ಅಪರಾಧಗಳಿಗೆ ಅನುಮತಿಯೇ ಬೇಡ ಎಂಬ ತಿದ್ದುಪಡಿ 2013ರಲ್ಲೇ ಆಗಿದೆ.

ವಿಚಾರಣಾ ಆಯೋಗಗಳ ವರದಿ ಸದನಕ್ಕೆ ಬಂದ ಮೇಲೆ ಏನಾಗುತ್ತದೆ ಎಂಬುದಕ್ಕೆ ಚೆನ್ನೈನ ವಿಧಾನಸಭೆಯಲ್ಲೇ ಉದಾಹರಣೆಯಿದೆ. 2018ರ ಮೇನಲ್ಲಿ ತೂತ್ತುಕುಡಿಯ ಸ್ಟೆರ್ಲೈಟ್ ವಿರೋಧಿ ಹೋರಾಟದ ವೇಳೆ ಪೊಲೀಸ್ ಗೋಲಿಬಾರ್‌ಗೆ 13 ಮಂದಿ ಬಲಿಯಾದರು. ನ್ಯಾ. ಅರುಣಾ ಜಗದೀಶನ್ ಆಯೋಗದ ವರದಿ 2022ರ ಅಕ್ಟೋಬರ್‌ನಲ್ಲಿ ಸದನದಲ್ಲಿ ಮಂಡನೆಯಾಯಿತು. 17 ಪೊಲೀಸರು ಮತ್ತು ಆಗಿನ ಜಿಲ್ಲಾಧಿಕಾರಿ ವಿರುದ್ಧ ಕ್ರಮಕ್ಕೆ ಅದು ಶಿಫಾರಸು ಮಾಡಿತ್ತು. ವರದಿ ಬಂದ ಕೂಡಲೇ ವಿಚಾರಣೆ ಶುರುವಾಗುವುದಿಲ್ಲ. ಅದಕ್ಕೆ ಬೇರೆಯೇ ತನಿಖೆ, ಬೇರೆಯೇ ಆರೋಪಪಟ್ಟಿ ಬೇಕು. ಸದಾಶಿವ ಸಮಿತಿ ವರದಿ ದಾಟಲಾಗದೆ ನಿಂತದ್ದೂ ಇದೇ ಹೊಸ್ತಿಲಲ್ಲಿ.

ಚಿತ್ರಹಿಂಸೆಯನ್ನೇ ಪ್ರತ್ಯೇಕ ಅಪರಾಧವೆಂದು ಹೇಳುವ ಕಾನೂನು ನಮ್ಮಲ್ಲಿಲ್ಲ. ವಿಶ್ವಸಂಸ್ಥೆಯ ಚಿತ್ರಹಿಂಸೆ ವಿರೋಧಿ ಒಡಂಬಡಿಕೆಗೆ ಭಾರತ 1997ರಲ್ಲಿ ಸಹಿ ಹಾಕಿದೆ, ಆದರೆ ಅನುಮೋದಿಸಿಲ್ಲ. ಅದಕ್ಕಾಗಿ ತಂದ ಚಿತ್ರಹಿಂಸೆ ತಡೆ ಮಸೂದೆ 2010ರ ಮೇ 6ರಂದು ಲೋಕಸಭೆಯಲ್ಲಿ ಅಂಗೀಕಾರಗೊಂಡಿತು. ರಾಜ್ಯಸಭೆ ಅದನ್ನು ಆಯ್ಕೆ ಸಮಿತಿಗೆ ಕಳಿಸಿತು. ಸಮಿತಿ ಅದೇ ವರ್ಷ ವರದಿ ಕೊಟ್ಟರೂ ಮಸೂದೆ ಮುಂದಕ್ಕೆ ಹೋಗಲಿಲ್ಲ, 2014ರಲ್ಲಿ ಲೋಕಸಭೆ ವಿಸರ್ಜನೆಯೊಂದಿಗೆ ಅದೂ ಬಿದ್ದುಹೋಯಿತು. 2017ರಲ್ಲಿ ಕಾನೂನು ಆಯೋಗ ತನ್ನ 273ನೇ ವರದಿಯಲ್ಲಿ ಹೊಸ ಕರಡನ್ನೇ ಬರೆದು ಕೇಂದ್ರಕ್ಕೆ ಸಲ್ಲಿಸಿದೆ.